ಕಣ್ಣು ಮತ್ತು ಕಾಣದ ಹುಳು

(ಅಸ್ಸಿಯಲ್ಲಿ ಸೇರಿದ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡನ್ನೂ ನುಡಿಯನ್ನೂ ಕವಿಗಳನ್ನೂ ಅರಸರನ್ನೂ ಕುರಿತು ಮಾತನಾಡುವುದು ವಾಡಿಕೆ. ಆ ಕೆಲಸಕ್ಕೆ ನಮಗಿಂತ ಯೋಗ್ಯರಾದವರು ಇಲ್ಲಿ ಹಲವರಿದ್ದಾರೆ. ಸಂಘದ ಕಾರ್ಯದರ್ಶಿಗಳು "ಮನೆಮಂದಿಗೆಲ್ಲ ಪ್ರಯೋಜನವಾಗುವ ಒಂದು ವಿಷಯ ಹೇಳಿ" ಎಂದು ಅಪ್ಪಣೆ ಮಾಡಿದ್ದರಿಂದ, ಕಣ್ಣಿಗೆ ಸೇರಿ ದೃಷ್ಟಿಯನ್ನು ಕೆಡಿಸುವ ಪರೋಪಜೀವಿಗಳ ವಿಷಯವನ್ನು ಆರಿಸಿಕೊಂಡಿದ್ದೇವೆ. ನಾವು ವೈದ್ಯರಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ, ಕೌಂಟರಿನ ಹಿಂದೆ ಕುಳಿತು ಜನರ ಸಹಿ ತಾಳೆ ನೋಡುವವರು. ನಮ್ಮ ಮನೆಯಲ್ಲಿಯೇ ಒಂದು ಮಗುವಿಗೆ ಇಂಥ ತೊಂದರೆ ಬಂದ ಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇವೆ. ಚಿಕಿತ್ಸೆಯ ಮಾತನ್ನು ವೈದ್ಯರಿಗೇ ಬಿಟ್ಟಿದ್ದೇವೆ.

ನಮ್ಮವರಿಗೆ ಕುರುಡು ಎಂದೊಡನೆ ನೆನಪಾಗುವುದು ಕಣ್ಣಿನ ಪೊರೆ. ಅದಕ್ಕೆ ಕಾರಣವೂ ಉಂಟು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ಹೂಡಿ, ಶಾಲೆಯ ಕಟ್ಟಡಗಳಲ್ಲಿ, ಛತ್ರಗಳಲ್ಲಿ ಲಕ್ಷಾಂತರ ಜನರ ಪೊರೆ ತೆಗೆದರು. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. 2005ರಲ್ಲಿ ಅವರು ತೀರಿಕೊಂಡರು. ಕೈಹಿಡಿದು ಕರೆತಂದ ಅಜ್ಜಿ ಪಟ್ಟಿ ಬಿಚ್ಚಿದ ಮೇಲೆ ಮೊಮ್ಮಗನ ಮುಖ ನೋಡಿದಳು ಎಂಬಂಥ ಮಾತನ್ನು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಇದರಿಂದ ನಮ್ಮ ಮನಸ್ಸಿನಲ್ಲಿ ಒಂದು ನಂಬಿಕೆ ಬೇರೂರಿದೆ: ಕಣ್ಣು ಮಂಜಾದರೆ ಅವಸರವಿಲ್ಲ, ಬಲಿತ ಮೇಲೆ ತೆಗೆಸಿದರಾಯಿತು. ಪೊರೆಯ ಮಟ್ಟಿಗೆ ಈ ನಂಬಿಕೆ ಬಹುಮಟ್ಟಿಗೆ ನಡೆದುಹೋಗುತ್ತದೆ. ನಾವು ಇಂದು ಹೇಳಹೊರಟಿರುವ ಬೇನೆಗಳಲ್ಲಿ ಇದೇ ನಂಬಿಕೆ ಕಣ್ಣಿಗೆ ಶತ್ರು.

ಏಕೆಂದರೆ ಕಣ್ಣನ್ನು ಒಂದು ಕೋಣೆಯೆಂದು ಭಾವಿಸಿಕೊಳ್ಳಿ. ಮುಂದೆ ಕಿಟಕಿಯ ಗಾಜಿನಂತೆ ಪಾರಪಟಲ, ಅದರ ಹಿಂದೆ ಮಸೂರ, ಹಿಂಗೋಡೆಗೆ ಅಂಟಿಕೊಂಡು ಅಕ್ಷಿಪಟಲ. ಮಸೂರ ಮಂಜಾಗುವುದೇ ಪೊರೆ. ಅದನ್ನು ತೆಗೆದು ಬೇರೆ ಮಸೂರ ಕೂಡಿಸಬಹುದು. ಪಾರಪಟಲ ಕೆಟ್ಟರೆ, ತೀರಿಕೊಂಡವರು ದಾನಮಾಡಿದ ಕಣ್ಣಿನಿಂದ ಬದಲಿ ಪಾರಪಟಲ ಕಸಿಮಾಡಬಹುದು. ಡಾ. ರಾಜಕುಮಾರ್ ಅವರು 2006ರಲ್ಲಿಯೂ ಅವರ ಮಗ ಪುನೀತ್ ಅವರು 2021ರಲ್ಲಿಯೂ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದದ್ದನ್ನು ತಾವೆಲ್ಲ ಬಲ್ಲಿರಿ. ಆದರೆ ಅಕ್ಷಿಪಟಲದ ನಡುಭಾಗ ಸುಟ್ಟ ಕಾಗದದಂತೆ ಮುರುಟಿಹೋದರೆ ಅದಕ್ಕೆ ಬದಲಿ ಇಲ್ಲ. ಪರೋಪಜೀವಿಗಳಲ್ಲಿ ಹಲವು ಹೋಗಿ ಕೂಡುವುದು ಅಲ್ಲಿಯೇ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಮಾತು ಸುಲಭ.

ಮೊದಲು ಕಣ್ಣಿಗೆ ಕಾಣುವ ಹುಳು. ದಕ್ಷಿಣ ಕನ್ನಡ, ಉಡುಪಿಯ ಕಡೆಯವರು ಇದನ್ನು ಕೇಳಿರಬಹುದು, ಕೇರಳದಲ್ಲಿಯೂ ಉಂಟು. ನಾಯಿಯ ರಕ್ತದಿಂದ ಸೊಳ್ಳೆಯ ಮೂಲಕ ಮನುಷ್ಯನಿಗೆ ಬರುವ ದಾರದಂಥ ಹುಳು ಇದು, ಹೆಸರು ಡೈರೋಫೈಲೇರಿಯ. ಕಣ್ಣಿನ ಬಿಳಿಯ ಭಾಗದ ತೆಳುಚರ್ಮದ ಕೆಳಗೆ ಹರಿದಾಡುವುದು ಕನ್ನಡಿಯಲ್ಲಿಯೇ ಕಾಣುತ್ತದೆ. ನೋಡಿದವರು ಕಿರಿಚಿಕೊಳ್ಳುತ್ತಾರೆ, ಅದೇ ದಿನ ವೈದ್ಯರಲ್ಲಿಗೆ ಓಡುತ್ತಾರೆ, ವೈದ್ಯರು ಸಣ್ಣ ಗಾಯ ಮಾಡಿ ಹುಳುವನ್ನು ತೆಗೆಯುತ್ತಾರೆ, ದೃಷ್ಟಿ ಸಾಮಾನ್ಯವಾಗಿ ಉಳಿಯುತ್ತದೆ. ಹೆದರಿಸಿದ ಹುಳು ಕಣ್ಣನ್ನು ಉಳಿಸಿತು ಎನ್ನಬೇಕು. ಕೆಟ್ಟದ್ದು ಹೆದರಿಸದ ಹುಳು.

ಅಂಥದ್ದು ಒಂದು ನಮ್ಮ ಮನೆಗೇ ಬಂತು. ನಮ್ಮ ಅಣ್ಣನ ಮಗ ಆಗ ಏಳು ವರ್ಷದವನು. ಎಡಗಣ್ಣು ಸ್ವಲ್ಪ ಓರೆಯಾಗಿ ಕಾಣುತ್ತಿತ್ತು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ; ಓದುತ್ತಿದ್ದ, ಆಡುತ್ತಿದ್ದ. ಶಾಲೆಯಲ್ಲಿ ಒಂದು ದಿನ ಮಕ್ಕಳ ಕಣ್ಣು ನೋಡಲು ಬಂದವರು ಅವನ ಬಲಗಣ್ಣನ್ನು ರಟ್ಟಿನ ಚೂರಿನಿಂದ ಮುಚ್ಚಿದರು. ಅವನು "ದೀಪ ಏಕೆ ಆರಿಸಿದಿರಿ?" ಎಂದು ಕೇಳಿದನಂತೆ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅಕ್ಷಿಪಟಲದ ಮೇಲೆ ಬೆಳ್ಳನೆಯ ಗಂಟೊಂದು ಕಂಡಿತು. ನಾಯಿಯ ಜಂತುಹುಳು, ಅಂದರೆ ಟಾಕ್ಸೊಕಾರ, ಮರಿರೂಪದಲ್ಲಿ ರಕ್ತದೊಡನೆ ಅಲೆದು ಅಲ್ಲಿ ಬಂದು ನಿಂತು ಮಾಡಿದ ಗಾಯ ಎಂದು ವೈದ್ಯರು ಹೇಳಿದರು. ಆ ಕಣ್ಣಿನ ದೃಷ್ಟಿ ಮರಳಲಿಲ್ಲ. ಉಳಿದಿರುವ ಒಂದೇ ಕಣ್ಣಿಗೆ ಪೆಟ್ಟು ಬೀಳದಿರಲೆಂದು ಅವನಿಗೆ ಒಡೆಯದ ಗಾಜಿನ ಕನ್ನಡಕ ಹಾಕಿಸಿದ್ದಾರೆ. ಅದನ್ನು ಹಾಕಿಕೊಂಡೇ ಗೋಲಿ ಆಡುತ್ತಾನೆ.

ಈ ಹುಳು ಬರುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಯಿಮರಿಗಳ ಹೊಟ್ಟೆಯಲ್ಲಿ ಇದು ಬಹಳ. ಅವುಗಳ ಹೇಸಿಗೆಯೊಡನೆ ಮೊಟ್ಟೆಗಳು ನೆಲಕ್ಕೆ ಬೀಳುತ್ತವೆ. ಮಣ್ಣಿನಲ್ಲಿ ಎರಡು ಮೂರು ವಾರ ಬಲಿತ ಮೇಲೆಯೇ ಅವು ಅಪಾಯಕಾರಿ. ಆದಕಾರಣ ನಾಯಿಮರಿಯನ್ನು ಎತ್ತಿ ಮುದ್ದಾಡುವುದಕ್ಕಿಂತ, ಅದು ಮಲಗಿ ಎದ್ದು ಹೊಲಸು ಮಾಡಿದ ಮಣ್ಣಿನಲ್ಲಿ ಆಡಿ, ಕೈ ತೊಳೆಯದೆ ತಿಂಡಿ ತಿನ್ನುವುದು ಹೆಚ್ಚು ಕೇಡು. ಅಸ್ಸಿಯ ಓಣಿಗಳಲ್ಲಿ ಚಳಿಗಾಲ ಬಂತೆಂದರೆ ಮೆಟ್ಟಿಲಿಗೊಂದು ಮರಿ. ಅವುಗಳ ಸುತ್ತ ನಮ್ಮ ಮಕ್ಕಳು. ಮಕ್ಕಳನ್ನು ಗದರಿಸಿ ಫಲವಿಲ್ಲ, ಮರಿಗಳನ್ನು ಅಟ್ಟುವುದು ನಮ್ಮ ಧರ್ಮವೂ ಅಲ್ಲ. ಮನೆಯಲ್ಲಿ ಸಾಕಿದ ಮರಿಗಳಿಗೆ ಪಶುವೈದ್ಯರಿಂದ ಕಾಲಕಾಲಕ್ಕೆ ಜಂತಿನ ಔಷಧ ಹಾಕಿಸಬೇಕು. ಆಡಿ ಬಂದ ಮಗುವಿನ ಕೈಯನ್ನು, ಉಗುರಿನ ಸಂದುಗಳ ಸಹಿತ, ಸಾಬೂನು ಹಾಕಿ ತೊಳೆಸಬೇಕು. ಅಷ್ಟೇ.

ಈ ಹುಳು ಪತ್ತೆಯಾದ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮಗುವಿನ ಪಾಪೆಯೊಳಗೆ ಬೆಳ್ಳಗೆ ಕಂಡರೆ ಅದು ಪ್ರಾಣ ತೆಗೆಯುವ ಗಂತಿಯೂ ಇರಬಹುದು. ಅದಕ್ಕಾಗಿ ಹಿಂದೆ ಕಣ್ಣನ್ನೇ ಕಿತ್ತು ಪ್ರಾಣ ಉಳಿಸುತ್ತಿದ್ದರು. ಅಮೆರಿಕದ ಹೆಲೆನರ್ ವೈಲ್ಡರ್ ಎಂಬ ವಿದುಷಿ ಹೀಗೆ ತೆಗೆದಿಟ್ಟ ಕಣ್ಣುಗಳಲ್ಲಿ 46ನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 24ರಲ್ಲಿ ಹುಳುವಿನ ಮರಿಯನ್ನೋ ಅದರ ಗುರುತನ್ನೋ ಕಂಡು 1950ರಲ್ಲಿ ಪ್ರಕಟಿಸಿದರು. ಅದು ನಾಯಿಯ ಜಂತುಹುಳುವೆಂದು 1956ರಲ್ಲಿ ಖಚಿತವಾಯಿತು. ಪಾಪೆ ಬೆಳ್ಳಗೆ ಕಾಣುವ ಮಗುವನ್ನು ಆ ವಾರವೇ ಕಣ್ಣಿನ ತಜ್ಞರಿಗೆ ತೋರಿಸಿರಿ. ಗಂತಿಯಾದರೆ ಪ್ರಾಣದ ಪ್ರಶ್ನೆ, ಹುಳುವಾದರೆ ದೃಷ್ಟಿಯ ಪ್ರಶ್ನೆ. ಎರಡರಲ್ಲಿಯೂ ಕಾಯುವುದಕ್ಕೆ ಎಡೆಯಿಲ್ಲ.

ಎರಡನೆಯದು ಲಾಡಿಹುಳು. "ನಾವು ಸಸ್ಯಾಹಾರಿಗಳು, ಹಂದಿಯ ಹುಳು ನಮಗೆಲ್ಲಿಂದ ಬರಬೇಕು?" ಎಂದು ಕೇಳುವವರು ಈ ಸಭೆಯಲ್ಲಿಯೂ ಇರಬಹುದು. ಲೆಕ್ಕ ಹೀಗಿದೆ. ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಅವನ ಮಲದಲ್ಲಿ ಹೊರಬಿದ್ದ ಮೊಟ್ಟೆಯು ಕೈಯಿಂದ, ನೀರಿನಿಂದ, ಹಸಿ ತರಕಾರಿಯಿಂದ ಯಾರ ಬಾಯಿಗೆ ಹೋದರೂ, ಅವನು ಯಾವ ಆಹಾರದವನಾದರೂ, ಮರಿಯೊಡೆದು ರಕ್ತಕ್ಕೆ ಸೇರಿ ಮಿದುಳು, ಸ್ನಾಯು, ಕಣ್ಣು ಎಲ್ಲಿ ಬೇಕಾದರೂ ನೀರ್ಗುಳ್ಳೆಯಾಗಿ ನಿಲ್ಲುತ್ತದೆ. ನ್ಯೂಯಾರ್ಕಿನಲ್ಲಿ ಹಂದಿಮಾಂಸವನ್ನು ಧರ್ಮತಃ ಮುಟ್ಟದ ಯಹೂದಿ ಸಮಾಜದ ನಾಲ್ವರ ಮಿದುಳಿನಲ್ಲಿ ಈ ಗುಳ್ಳೆಗಳು ಕಂಡ ಸಂಗತಿ 1992ರಲ್ಲಿ ಪ್ರಕಟವಾಯಿತು. ಅಡಿಗೆಯ ಕೈಯಿಂದ ಬಂದಿರಬೇಕೆಂದು ಅಲ್ಲಿಯ ವೈದ್ಯರು ತರ್ಕಿಸಿದರು. ಇದನ್ನು ಹೇಳಿದ್ದು ಮನೆಗೆಲಸದವರನ್ನು ದೂರುವುದಕ್ಕಲ್ಲ. ಹಿತ್ತಲಲ್ಲಿ ಸಾಬೂನು ಇಡುವುದು, ಅದನ್ನು ಯಜಮಾನರೂ ಕೆಲಸದವರೂ ಒಂದೇ ಸಮನಾಗಿ ಬಳಸುವುದು ಮನೆಯ ನಿಯಮವಾಗಲಿ ಎಂದು ಹೇಳಿದೆವು.

ಕಣ್ಣಿನೊಳಗೆ ಸೇರಿದ ಈ ಗುಳ್ಳೆ ಮುತ್ತಿನಂತೆ ಹೊಳೆಯುತ್ತದೆಯಂತೆ. ಒಳಗಿನ ಮರಿ ಅಲುಗಾಡುವುದನ್ನು ವೈದ್ಯರು ಉಪಕರಣದಿಂದ ನೋಡಬಲ್ಲರು. ರೋಗಿಗೆ ಕಣ್ಣ ಮುಂದೆ ಏನೋ ತೇಲಿದಂತೆ, ಬದಿಯಲ್ಲಿ ನೆರಳು ಕವಿದಂತೆ ಅನಿಸುತ್ತದೆ. ವಿಚಿತ್ರವೆಂದರೆ ಹುಳು ಬದುಕಿರುವಾಗಿನ ಹಾನಿಗಿಂತ ಸತ್ತಾಗಿನ ಹಾನಿ ಹೆಚ್ಚು. ಅದು ಸತ್ತು ಒಳಗೆ ಉರಿ ಎದ್ದರೆ ಕಣ್ಣೇ ಹೋಗಬಹುದು. ಆದ್ದರಿಂದ ಕಣ್ಣಿನ ಒಳಗಿನ ಗುಳ್ಳೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಕಣ್ಣಿನ ಹೊರಗಣ ಸ್ನಾಯುವಿನಲ್ಲಿದ್ದರೆ ಔಷಧದಿಂದಲೇ ಗುಣಪಡಿಸುತ್ತಾರೆ. ಇಲ್ಲಿ ಒಂದು ಮುಖ್ಯ ಮಾತು: ಫಿಟ್ಸ್ ಬಂದು, ಮಿದುಳಿನಲ್ಲಿ ಈ ಗುಳ್ಳೆಯಿದೆಯೆಂದು ತಿಳಿದವರಿಗೆ ಹುಳು ಸಾಯಿಸುವ ಮಾತ್ರೆ ಕೊಡುವ ಮುನ್ನ ಕಣ್ಣನ್ನೂ ಪರೀಕ್ಷಿಸಬೇಕು. ಇಂಥವರು ತಮ್ಮ ಬಳಗದಲ್ಲಿದ್ದರೆ, "ಕಣ್ಣು ನೋಡಿದ್ದಾರೆಯೇ?" ಎಂದು ಒಂದು ಮಾತು ಕೇಳಿರಿ. ಆ ಒಂದು ಮಾತು ಒಂದು ಕಣ್ಣನ್ನು ಉಳಿಸಬಹುದು.

ಮೂರನೆಯದಕ್ಕೆ ಬೆಕ್ಕು ಮೂಲ, ಹೆಸರು ಟಾಕ್ಸೊಪ್ಲಾಸ್ಮ. ಬೆಕ್ಕಿನ ಮಲದಿಂದ ಮಣ್ಣಿಗೆ, ನೀರಿಗೆ ಸೇರುತ್ತದೆ. ಅರೆಬೆಂದ ಮಾಂಸದಿಂದಲೂ ಬರುತ್ತದೆ. ಬಹಳ ಮಂದಿಗೆ ಬಂದದ್ದೂ ತಿಳಿಯದು. ಗರ್ಭಿಣಿಗೆ ಹೊಸದಾಗಿ ಬಂದರೆ ಮಗುವಿನ ಅಕ್ಷಿಪಟಲದ ನಡುವೆಯೇ ಕಲೆ ಬೀಳಬಹುದು. ದೊಡ್ಡವರ ಕಣ್ಣಿಗೂ ಬರುತ್ತದೆ, ಮಾಗಿದಂತೆ ಕಂಡು ವರ್ಷಗಳ ಮೇಲೆ ಮತ್ತೆ ಕೆರಳುತ್ತದೆ. ನಮ್ಮ ನೆರೆಯ ಕೊಯಮತ್ತೂರಿನಲ್ಲಿ 2004ರ ಸೆಪ್ಟೆಂಬರಿನಿಂದ 2005ರ ನವೆಂಬರಿನವರೆಗೆ 248 ಜನರ ಕಣ್ಣಿಗೆ ಇದು ತಗಲಿದ್ದನ್ನು ಅಲ್ಲಿಯ ಕಣ್ಣಿನ ವೈದ್ಯರು ದಾಖಲಿಸಿದರು. ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ನಲ್ಲಿಯ ನೀರಿಗೆ ಬೆರೆಸುವ ಕ್ಲೋರಿನ್ ಈ ಜೀವಿಯ ಮೊಟ್ಟೆಯಂಥ ಕಾಳನ್ನು ಕೊಲ್ಲಲಾರದು, ಕುದಿಸಿದರೆ ಸಾಯುತ್ತದೆ. ಬಸುರಿ ಹೆಣ್ಣುಮಕ್ಕಳಿರುವ ಮನೆಯಲ್ಲಿ ಬೆಕ್ಕಿನ ಹೊಲಸು ತೆಗೆಯುವ ಕೆಲಸವನ್ನು ಬೇರೆಯವರು ಮಾಡಲಿ, ಕುಡಿಯುವ ನೀರು ಕುದ್ದು ಆರಿದ್ದಾಗಿರಲಿ.

ನಾಲ್ಕನೆಯದು ಬಾಯಿಂದಲ್ಲ, ನೇರವಾಗಿ ಕಣ್ಣಿಗೇ ಬರುವಂಥದು: ಅಕಾಂಥಮೀಬ ಎಂಬ ಅಮೀಬಾ. ಹೊಳೆ, ಕೆರೆ, ಮಣ್ಣು, ನಲ್ಲಿ ಎಲ್ಲೆಲ್ಲಿಯೂ ಇದೆ. ಆರೋಗ್ಯವಾದ ಕಣ್ಣಿಗೆ ಸಾಮಾನ್ಯವಾಗಿ ಏನೂ ಮಾಡದು. ಪಾರಪಟಲದ ಮೇಲೆ ಒಂದು ಗೀರು ಬಿದ್ದಿದ್ದರೆ, ಹುಲ್ಲಿನ ಎಸಳು ತಾಗಿದ್ದರೆ, ಅಲ್ಲಿಂದ ನುಗ್ಗುತ್ತದೆ. ಪಶ್ಚಿಮ ದೇಶಗಳಲ್ಲಿ ಇದು ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರ ಬೇನೆ. ನಮ್ಮ ದೇಶದಲ್ಲಿ ಹೆಚ್ಚು ಮಂದಿಗೆ ಬರುವುದು ಪೆಟ್ಟಿನಿಂದ ಮತ್ತು ಕೊಳೆನೀರಿನಿಂದ. ಕಣ್ಣು ನೋಡಿದರೆ ಅಷ್ಟೇನೂ ಕೆಟ್ಟಿರುವುದಿಲ್ಲ, ನೋವು ಮಾತ್ರ ರಾತ್ರಿಯೆಲ್ಲ ನಿದ್ದೆ ಕೊಡದಷ್ಟು. ಔಷಧವಿದೆ, ಮೊದಲಲ್ಲಿ ಗಂಟೆಗೊಮ್ಮೆ ಹನಿ ಹಾಕಿ ತಿಂಗಳುಗಟ್ಟಲೆ ಮುಂದುವರಿಸಬೇಕು. ತಡವಾದರೆ ಪಾರಪಟಲ ಕಸಿಯೇ ಗತಿ. ವಿಶ್ವವಿದ್ಯಾಲಯದಲ್ಲಿ ಓದುವ, ಲೆನ್ಸ್ ಹಾಕುವ ನಮ್ಮ ಮಕ್ಕಳಿಗೆ ಹೇಳುತ್ತೇವೆ: ಲೆನ್ಸನ್ನು ನಲ್ಲಿನೀರಿನಲ್ಲಿ ತೊಳೆಯಬೇಡಿ, ಹಾಕಿಕೊಂಡು ಸ್ನಾನ ಮಾಡಬೇಡಿ, ಹಾಕಿಕೊಂಡು ಮಲಗಬೇಡಿ, ನಾಟಕಕ್ಕೆಂದು ಒಬ್ಬರದನ್ನು ಇನ್ನೊಬ್ಬರು ಹಾಕಿಕೊಳ್ಳಬೇಡಿ.

ಇನ್ನು ಗಂಗೆಯ ಮಾತು. ವರಣೆ ಮತ್ತು ಅಸ್ಸಿ ಸೇರಿ ವಾರಾಣಸಿ ಎಂದು ಹೇಳುವ ಈ ಊರಿನಲ್ಲಿ ಅಸ್ಸಿ ಎಂಬ ಹೊಳೆ ಇಂದು ಕೊಳೆನೀರಿನ ನಾಲೆಯಾಗಿ ಘಾಟಿನ ದಕ್ಷಿಣಕ್ಕೆ ಗಂಗೆಯನ್ನು ಸೇರುತ್ತಿದೆ. ಗಂಗಾ ಕ್ರಿಯಾಯೋಜನೆ 1986ರಲ್ಲಿ ಇದೇ ಊರಿನಲ್ಲಿ ಆರಂಭವಾಯಿತು. ತುಳಸೀ ಘಾಟಿನ ಮಹಂತರೂ ಇಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದ ವೀರಭದ್ರ ಮಿಶ್ರರು ತಾವು ಗಂಗೆಯಲ್ಲಿ ಮೀಯುತ್ತಲೇ ಗಂಗೆಯ ನೀರನ್ನು ಪರೀಕ್ಷಿಸುವ ಪ್ರಯೋಗಶಾಲೆಯನ್ನೂ ನಡೆಸಿದರು. ಭಕ್ತಿಗೂ ಎಚ್ಚರಕ್ಕೂ ಜಗಳವಿಲ್ಲವೆಂದು ಅವರಿಂದ ಕಲಿಯಬಹುದು. ಗಂಗಾಸ್ನಾನ ಬಿಡಿರೆಂದು ಹೇಳಲು ನಾವು ಯಾರು? ಮುಳುಗುವಾಗ ಕಣ್ಣು ಮುಚ್ಚಿರಿ. ಕಣ್ಣಿಗೆ ಗಾಯವಿರುವವರು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇನ್ನೂ ಮಾಗದವರು ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ಪ್ರವಾಹ ಇಳಿದ ಮೇಲೆ ಮೆಟ್ಟಿಲ ಮೇಲಿನ ಕೆಸರಿನಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ. ಊರಿನಿಂದ ಯಾತ್ರೆಗೆ ಬಂದು ನಮ್ಮ ಮನೆಗಳಲ್ಲಿ ಇಳಿಯುವ ಬಂಧುಗಳಿಗೂ ಇದನ್ನು ಹೇಳಿರಿ. ಅವರಲ್ಲಿ ಎಷ್ಟೋ ಜನ ಹೊಸದಾಗಿ ಪೊರೆ ತೆಗೆಸಿಕೊಂಡು, ಕಣ್ಣು ಬಂದ ಸಂತೋಷಕ್ಕೇ ಕಾಶಿಗೆ ಬಂದವರು.

ಇಲ್ಲಿಯವರು ಕಣ್ಣು ಕೆಂಪಾದರೆ "ಆಂಖ್ ಆ ಗಯೀ" ಎನ್ನುತ್ತಾರೆ. ಕಣ್ಣು ಬಂತು ಎಂದು. ಸಾಮಾನ್ಯವಾಗಿ ಅದು ನಾಲ್ಕು ದಿನದ ಕಣ್ಣುಬೇನೆ, ತಾನೇ ಹೋಗುತ್ತದೆ. ಹೋಗದಿದ್ದಾಗ ಔಷಧದ ಅಂಗಡಿಯವನನ್ನು ಕೇಳಿ ಒಂದು ಹನಿಮದ್ದು ತರುತ್ತೇವೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಮರುದಿನವೇ ಇಳಿಯುತ್ತದೆ, ನಾವು ಸಂತೋಷಪಡುತ್ತೇವೆ. ಒಳಗೆ ಅಮೀಬಾ ಇದ್ದರೆ ಅದು ನಮಗಿಂತ ಹೆಚ್ಚು ಸಂತೋಷಪಡುತ್ತದೆ. ಮೈಯ ಕಾವಲುಗಾರನನ್ನು ಮಲಗಿಸಿದ ಮೇಲೆ ಕಳ್ಳನಿಗೆ ಅಡ್ಡಿಯಿಲ್ಲವಷ್ಟೆ. ಸ್ಟೀರಾಯ್ಡನ್ನು ವೈದ್ಯರೂ ಕೊಡುತ್ತಾರೆ. ಒಳಗೇನಿದೆ ಎಂದು ನೋಡಿ, ಎಷ್ಟು ದಿನ ಎಂದು ಎಣಿಸಿ ಕೊಡುತ್ತಾರೆ. ನೋಡದೆ ಕೊಟ್ಟ ಹನಿಗೂ ನೋಡಿ ಕೊಟ್ಟ ಹನಿಗೂ ಅಜಗಜಾಂತರ. ಎರಡು ದಿನದಲ್ಲಿ ತಗ್ಗದ ಕೆಂಪು, ಬೆಳಕು ನೋಡಲಾಗದ ನೋವು, ಮಸುಕು, ಹೊಸದಾಗಿ ಕಾಣುವ ತೇಲುಚುಕ್ಕೆ, ಹೊಸದಾಗಿ ಬಂದ ಮೆಳ್ಳೆಗಣ್ಣು, ಬಿಳಿಯ ಪಾಪೆ: ಇವುಗಳಲ್ಲಿ ಒಂದು ಕಂಡರೂ ಅಂಗಡಿಗೆ ಹೋಗಬೇಡಿ, ತಜ್ಞರಲ್ಲಿಗೆ ಹೋಗಿರಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ.

ತಜ್ಞರೂ ದೂರವಿಲ್ಲ. 1916ರಲ್ಲಿ ಮಾಲವೀಯರು ಕಟ್ಟಿದ ಕಾಶಿ ಹಿಂದೂ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಾಧಿಪತಿಗಳಾಗಿದ್ದವರು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅದರ ಆವರಣದ ಸರ್ ಸುಂದರಲಾಲ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ. ಅಸ್ಸಿಯಿಂದ ಲಂಕಾ ಚೌಕದ ಮೇಲೆ ನಡೆದೇ ಹೋಗಬಹುದಾದಷ್ಟು ಹತ್ತಿರ. ಸಾಲು ಉದ್ದವಿರುತ್ತದೆ, ನಿಜ. ಬ್ಯಾಂಕಿನ ಕೌಂಟರಿನ ಈಚೆಗೆ ಕುಳಿತವರಾದ ನಮಗೆ ಸಾಲಿನ ಕಷ್ಟ ಗೊತ್ತು. ಅರ್ಧ ದಿನದ ಸಾಲು ಜನ್ಮದ ಕತ್ತಲೆಗಿಂತ ಲೇಸು.

ಇದನ್ನೆಲ್ಲ ಕೇಳಿ ಯಾರೂ ಎದೆಗುಂದಬೇಕಾಗಿಲ್ಲ. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗದ ಕಡೆಯ ಹಿರಿಯರು ನಾರುಹುಣ್ಣನ್ನು ಬಲ್ಲರು. ಮೆಟ್ಟಿಲುಬಾವಿಯ ನೀರು ಕುಡಿದವರ ಕಾಲಿನಿಂದ ಮೊಳದುದ್ದದ ಹುಳು ಹೊರಡುತ್ತಿತ್ತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಾವಿಗಿಳಿಯುವುದನ್ನು ನಿಲ್ಲಿಸಿ, ಕೊಳವೆಬಾವಿ ತೋಡಿಸಿ ಜನರೇ ಅದನ್ನು ಅಟ್ಟಿದರು. ಭಾರತದ ಕಡೆಯ ರೋಗಿ ಕಂಡದ್ದು 1996ರ ಜುಲೈಯಲ್ಲಿ. 2000ದಲ್ಲಿ ದೇಶ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆಫ್ರಿಕದ ನದೀತೀರಗಳಲ್ಲಿ ಕಪ್ಪುನೊಣ ಹರಡುವ ಹುಳುವಿನಿಂದ ಹಳ್ಳಿಗೆ ಹಳ್ಳಿಯೇ ಕುರುಡಾಗಿ, ಜನ ಹೊಳೆಯ ದಂಡೆಯ ಒಳ್ಳೆಯ ಹೊಲವನ್ನೇ ಬಿಟ್ಟುಹೋಗುತ್ತಿದ್ದರು. 1974ರಿಂದ ನೊಣದ ಮೇಲೆ ಹೋರಾಟ, 1987ರಿಂದ ಐವರ್‌ಮೆಕ್ಟಿನ್ ಮಾತ್ರೆಯ ಉಚಿತ ಹಂಚಿಕೆ ನಡೆದು ಆ ಕುರುಡು ಬಹಳ ಇಳಿಯಿತು. ಆ ಔಷಧದ ಮೂಲವನ್ನು ಜಪಾನಿನ ಮಣ್ಣಿನಲ್ಲಿ ಕಂಡ ಓಮುರ ಅವರಿಗೂ ಅವರ ಜೊತೆಗಾರ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಹುಳುವಿಗೆ ಹೆದರಿ ಊರು ಬಿಡಬೇಕಾಗಿಲ್ಲ. ಹುಳುವನ್ನೇ ಊರು ಬಿಡಿಸಬಹುದು.

ಕೊನೆಗೆ ನಮ್ಮದೊಂದು ಸಲಹೆ. ನಮ್ಮ ಸಂಘದಲ್ಲಿ ಮಕ್ಕಳ ಹಾಡು, ರಂಗೋಲಿ, ಕನ್ನಡ ಅಕ್ಷರ ಬರೆಯುವ ಸ್ಪರ್ಧೆ ಪ್ರತಿವರ್ಷ ನಡೆಯುತ್ತವೆ. ಅದೇ ದಿನ, ಅದೇ ಸಭಾಂಗಣದಲ್ಲಿ, ಗೋಡೆಗೆ ದೊಡ್ಡ ಕನ್ನಡ ಅಕ್ಷರಗಳ ಹಾಳೆಯೊಂದನ್ನು ತೂಗುಹಾಕಿ, ಪ್ರತಿ ಮಗುವಿನ ಒಂದೊಂದೇ ಕಣ್ಣನ್ನು ಮುಚ್ಚಿ ಓದಿಸೋಣ. ಎರಡು ಕಣ್ಣೂ ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೆಲಸವನ್ನೂ ಮಾಡಿಬಿಡುತ್ತದೆ. ಅದಕ್ಕೇ ಮಗುವಿಗೂ ತಿಳಿಯದು, ತಾಯಿಗೂ ತಿಳಿಯದು. ಮುಚ್ಚಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಇದು ವೈದ್ಯರ ಪರೀಕ್ಷೆಗೆ ಸಮನಲ್ಲ. ಯಾವ ಮಗುವನ್ನು ವೈದ್ಯರಲ್ಲಿಗೆ ಕೂಡಲೆ ಕಳುಹಿಸಬೇಕೆಂಬುದನ್ನು ಹೇಳುತ್ತದೆ. ಖರ್ಚು ಒಂದು ಹಾಳೆ, ಒಂದು ರಟ್ಟಿನ ಚೂರು. ಹಾಳೆಯನ್ನು ಬರೆದುಕೊಡುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.

ಪರನಾಡಿನಲ್ಲಿದ್ದು ಮಕ್ಕಳು ಕನ್ನಡ ಓದಲೆಂದು ಇಷ್ಟೆಲ್ಲ ಶ್ರಮಪಡುವ ನಾವು, ಓದುವ ಕಣ್ಣುಗಳನ್ನೂ ಕಾಯಬೇಕಲ್ಲವೇ?